ಊರು ಬಿಟ್ಟ ತಂಡದ ಮೊದಲ ಊರು

ಚೆಂಡಿನ ಮೇಲೆ ಎಂಟು ಬಿಳಿ ಹೊಲಿಗೆಗಳಿದ್ದವು; ಕೊನೆಯದು ಸ್ವಲ್ಪ ಸಡಿಲವಾಗಿತ್ತು. ಚೆಂಡು ಎಂದರೆ ದುಂಡಗಿರಬೇಕು ಎಂದು ನಂಬಿಕೊಂಡು ದುಬೈಗೆ ಬಂದಿದ್ದೆ. ಇದಕ್ಕೆ ಎರಡು ಚೂಪು ತುದಿಗಳು. ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ಗಾತ್ರ, ಕಂದು ಚರ್ಮ, ಕೈಗೆ ಒರಟು. ಅಲ್ ಬರ್ಷಾದ ಕಚೇರಿಯಲ್ಲಿ ಅದು ನನ್ನ ಮೊದಲ ವಾರ. ಮೇಜಿನ ಮೇಲೆ ಕಂಪ್ಯೂಟರಿಗಿಂತ ಮೊದಲು ಬಂದದ್ದು ಆ ಚೆಂಡು.

"ಇದು ಫುಟ್‌ಬಾಲ್," ಅಂದರು ರಶೀದ್. "ಕಾಲಲ್ಲಿ ಒದಿಯುವುದು ಕಮ್ಮಿ, ಕೈಯಲ್ಲಿ ಹಿಡ್ಕೊಂಡು ಓಡುವುದೇ ಜಾಸ್ತಿ. ಮತ್ತೆ ಫುಟ್‌ಬಾಲ್ ಅಂತ ಯಾಕೆ ಹೇಳುವುದು ಅಂತ ನನ್ನ ಹತ್ರ ಕೇಳ್ಬೇಡ ಮಾರಾಯ್ತಿ. ನೀನಲ್ವಾ ಹಿಸ್ಟರಿ ಕಲ್ತವಳು?"

ರಶೀದ್ ಉಪ್ಪಿನಂಗಡಿ ಕಡೆಯ ಬ್ಯಾರಿ. ನಮ್ಮ ವಿಭಾಗದ ಮುಖ್ಯಸ್ಥರು. ನಮ್ಮದು ಮಾಲ್‌ಗಳಲ್ಲೂ ಮ್ಯೂಸಿಯಂಗಳಲ್ಲೂ ಪ್ರದರ್ಶನಗಳನ್ನು ಕಟ್ಟಿಕೊಡುವ ಕಂಪನಿ. ಅಮೆರಿಕದ ಒಂದು ವೃತ್ತಿಪರ ಫುಟ್‌ಬಾಲ್ ತಂಡಕ್ಕೆ ಕೊಲ್ಲಿ ದೇಶಗಳಲ್ಲಿ ಅಭಿಮಾನಿಗಳು ಬೇಕಾಗಿದ್ದರು. ಅದಕ್ಕಾಗಿ ತಂಡದ ಇತಿಹಾಸವನ್ನು ಹೇಳುವ ಒಂದು ಪ್ರದರ್ಶನ; ಗೋಡೆಯ ಫಲಕಗಳ ಬರಹ ನನ್ನ ಪಾಲಿಗೆ. ತಂಡದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಒಪ್ಪಂದ ಹಾಗಿದೆ, ನನ್ನ ಸ್ವಭಾವವೂ ಹಾಗೆಯೇ.

ಮೈಸೂರಿನಲ್ಲಿ ನಾನು ಓದಿದ್ದು ಶಾಸನಗಳನ್ನು. ಫೋನಿನಲ್ಲಿ ಚಿಕ್ಕಮ್ಮ ನಕ್ಕರು. "ಎಂ.ಎ. ಮಾಡಿ, ದುಬೈಗೆ ಹೋಗಿ, ಅಮೆರಿಕದವರ ಚೆಂಡಾಟದ ಕತೆ ಬರೀತೀಯಾ? ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನೇ?"

"ಹೋಗ್ಬೇಕಿತ್ತು ಚಿಕ್ಕಮ್ಮ," ಅಂದೆ. ಅದಕ್ಕಿಂತ ಹೆಚ್ಚು ವಿವರಿಸಲಿಲ್ಲ. ಊರಿನಿಂದ ಬರುವ ಪ್ರಶ್ನೆಗಳಿಗೆಲ್ಲ ವಿವರಣೆ ಕೊಡಬೇಕೆಂಬ ಕಾನೂನು ಎಲ್ಲಿಯೂ ಇಲ್ಲ.

ನಾನಿರುವುದು ಅಲ್ ಮುರಕ್ಕಬಾತ್‌ನಲ್ಲಿ, ಉಡುಪಿಯ ಪ್ರಮೀಳಕ್ಕನ ಜೊತೆ ಹಂಚಿಕೊಂಡ ಕೋಣೆಯಲ್ಲಿ. ಇಲ್ಲಿ ಇದಕ್ಕೆ 'ಬೆಡ್‌ಸ್ಪೇಸ್' ಎನ್ನುತ್ತಾರೆ: ಬಾಡಿಗೆ ಕೊಡುವುದು ಮನೆಗಲ್ಲ, ಕೋಣೆಗೂ ಅಲ್ಲ, ಮಂಚಕ್ಕೆ. ಮೈಸೂರಿನಲ್ಲಿ ನನಗೆ ಸ್ವಂತ ಕೋಣೆಯಿತ್ತು, ಆದರೆ ಬಾಗಿಲು ಹಾಕಿಕೊಂಡರೆ ಯಾಕೆಂದು ಕೇಳುವವರಿದ್ದರು. ಇಲ್ಲಿ ನನ್ನದು ಒಂದು ಮಂಚ, ಒಂದು ಪರದೆ. ಪರದೆ ಎಳೆದುಕೊಂಡರೆ ಯಾರೂ ಏನೂ ಕೇಳುವುದಿಲ್ಲ. ಎರಡರಲ್ಲಿ ಯಾವುದು ದೊಡ್ಡದು ಎಂದು ಅಳೆಯಲು ಗಜಕಡ್ಡಿ ಸಾಲದು. ಕೆಳಗಿನ ಇರಾಕಿ ಬೇಕರಿಯಿಂದ ಬಿಸಿ ಖುಬ್ಬೂಸ್ ತರುತ್ತೇನೆ. ಅದು ಉಬ್ಬಿದ, ಅಗಲವಾದ ರೊಟ್ಟಿ. ಅದಕ್ಕೆ ಪ್ರಮೀಳಕ್ಕನ ಹುರುಳಿ ಚಟ್ನಿ. ಮೊದಮೊದಲು ಆ ಜೋಡಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಅದಿಲ್ಲದ ಶುಕ್ರವಾರ ಸಪ್ಪೆ.

ಆಟವನ್ನು ಅರ್ಥ ಮಾಡಿಕೊಂಡದ್ದೂ ಹೀಗೆಯೇ, ತುತ್ತು ತುತ್ತಾಗಿ. ಚೆಂಡು ಸಿಕ್ಕ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ. ಬಿದ್ದಲ್ಲಿಂದಲೇ ಎದ್ದು ಶುರುಮಾಡಬೇಕು. ನಮ್ಮ ಕಬಡ್ಡಿಯಲ್ಲಿ ಎದುರಾಳಿಯ ಅಂಗಳಕ್ಕೆ ನುಗ್ಗಿ, ಮುಟ್ಟಿ, ಮನೆಗೆ ಮರಳಿದವನೇ ಗೆದ್ದವನು. ಇಲ್ಲಿ ಮರಳುವ ಮಾತೇ ಇಲ್ಲ. ಗೆದ್ದುಕೊಂಡ ನೆಲದ ಮೇಲೆ ನಿಲ್ಲಬೇಕು. ಬ್ಯಾಂಕ್ ಖಾತೆ ತೆರೆದ ದಿನ, ಟ್ಯಾಕ್ಸಿ ಚಾಲಕನಿಗೆ ಹಿಂದಿಯಲ್ಲಿ ದಾರಿ ಹೇಳಿದ ದಿನ, 'ಹತ್ತು ಗಜ' ಎಂದುಕೊಳ್ಳುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ.

ನಿಜವಾದ ಬೆರಗು ಆಟದ್ದಲ್ಲ, ತಂಡದ್ದು. ಅದು ಹುಟ್ಟಿದ್ದು ಸರೋವರದ ದಡದ ಒಂದು ಕಾರ್ಖಾನೆ ಊರಿನಲ್ಲಿ. ಎರಕದ ಕೆಲಸಗಾರರು ಚರ್ಮದ ಟೋಪಿ ಕಟ್ಟಿಕೊಂಡು ಹಿಮದಲ್ಲಿ ಆಡುತ್ತಿದ್ದರು. ಗೆದ್ದದ್ದು ಕಡಿಮೆ, ಆದರೂ ಮೈದಾನ ತುಂಬುತ್ತಿತ್ತು. ಕಾರ್ಖಾನೆಗಳು ಮುಚ್ಚಿದವು. ಮಾಲೀಕ ಹೊಸ ಕ್ರೀಡಾಂಗಣ ಕೇಳಿದ, ಊರಿನ ಆಡಳಿತ ಆಗದೆಂದಿತು. ಒಂದು ಚಳಿಗಾಲ ಆತ ಶಿರಸ್ತ್ರಾಣ, ಕಪಾಟು, ಪದಕಗಳನ್ನೆಲ್ಲ ಲಾರಿಗಳಿಗೆ ತುಂಬಿಸಿ, ಬಿಸಿಲಿನ ಮತ್ತೊಂದು ರಾಜ್ಯಕ್ಕೆ ತಂಡವನ್ನೇ ಸಾಗಿಸಿಬಿಟ್ಟ. ನಮ್ಮಲ್ಲಿ ಆಟಗಾರರು ಊರು ಬಿಡುತ್ತಾರೆ. ಅಲ್ಲಿ ತಂಡಕ್ಕೆ ತಂಡವೇ ಊರು ಬಿಡುತ್ತದೆ. ಹೊಸ ಊರಿಗೆ ಹೋದ ಮೇಲೆ ಹಳೆಯ ಊರಿನ ಹೆಸರನ್ನು ಕಳಚಿಟ್ಟು ಹೊಸತನ್ನು ತೊಟ್ಟುಕೊಳ್ಳುತ್ತದೆ.

ನಾನು ತಪ್ಪು ಮಾಡಿದ್ದು ಇಲ್ಲಿಯೇ. ತಂಡ ಸ್ಥಳಾಂತರವಾದ ನಂತರದ ಫಲಕಗಳಲ್ಲೂ ಅದರ ಹೆಸರಿನ ಮುಂದೆ ಹಳೆಯ ಊರಿನ ಹೆಸರನ್ನೇ ಬರೆದಿದ್ದೆ. ಕೈ ತಾನಾಗಿ ಬರೆದಿತ್ತು. ನಾನು ಕೆ. ಆರ್. ವಿನುತಾ. 'ಆರ್' ಎಂದರೆ ಅಪ್ಪ, ರಾಮಯ್ಯ. 'ಕೆ' ಎಂದರೆ ಕಾಳೇನಹಳ್ಳಿ. ತಾತ ಯೌವನದಲ್ಲೇ ಕಾಳೇನಹಳ್ಳಿ ಬಿಟ್ಟು ಮೈಸೂರು ಸೇರಿದವರು. ಅಲ್ಲಿ ನಮಗೆ ಮನೆಯಿಲ್ಲ, ಜಮೀನಿಲ್ಲ. ನಾನು ಅಲ್ಲಿ ಒಂದು ಲೋಟ ನೀರು ಕುಡಿದವಳೂ ಅಲ್ಲ. ಆದರೂ ಆ ಊರು ನನ್ನ ಹೆಸರಿನ ಮುಂದೆ ಇದೆ. ಊರು ಬಿಟ್ಟವರು ಊರಿನ ಹೆಸರನ್ನೂ ಬಿಡುತ್ತಾರೆಂದು ನನಗೆ ಹೊಳೆಯಲೇ ಇಲ್ಲ.

ತಂಡದ ಪರವಾಗಿ ಬಂದಿದ್ದ ಕೈಲ್ ಎಂಬ ಅಮೆರಿಕನ್ ಯುವಕ ಕರಡು ಓದಿ ಬಿಳಿಚಿಕೊಂಡ. "ಇದನ್ನು ನಮ್ಮ ಮಾಲೀಕರು ನೋಡಿದರೆ ನನ್ನ ಕೆಲಸ ಹೋಗುತ್ತದೆ," ಅಂದ. ತಪ್ಪು ನನ್ನದು, ಒಪ್ಪಿಕೊಂಡೆ, ಸಂಜೆಯೊಳಗೆ ತಿದ್ದಿದೆ. ಅಷ್ಟಕ್ಕೆ ಮುಗಿಯಲಿಲ್ಲ. ಮರುವಾರ ತಂಡದ ಮುಖ್ಯ ಕಚೇರಿಯ ಸೂಚನೆ ಬಂತು: ಮೊದಲ ಊರಿನ ಫಲಕವೇ ಬೇಡ. ಇತಿಹಾಸ ಹೊಸ ಊರಿನಿಂದ ಆರಂಭವಾಗಲಿ.

ರಶೀದ್ ನನ್ನ ಮೇಜಿನ ಬಳಿ ಬಂದು ನಿಂತರು. "ತೆಗ್ದು ಬಿಡು. ಖಲಾಸ್."

"ತೆಗೆಯಲ್ಲ ಸರ್."

"ಎಂತದು?"

"ಹೆಸರು ತಪ್ಪಾಗಿತ್ತು, ಸರಿ ಮಾಡಿದೆ. ಇದು ತಪ್ಪಲ್ಲ."

"ನಿಂದು ಪ್ರೊಬೇಷನ್ ಮುಗೀಲಿಲ್ಲ, ಗೊತ್ತುಂಟಲ್ಲ? ಒಂದು ಚೆಂಡಿಗೆ ಬೇಕಾಗಿ ವೀಸಾ ಕಳ್ಕೊಳ್ತೀಯಾ? ನಾಳೆ ಊರಿಗೆ ಟಿಕೆಟ್ ತೆಗ್ದು ಕೊಟ್ರೆ ಎಂತ ಮಾಡ್ತೀಯ?"

ಗೊತ್ತಿತ್ತು. ಪರೀಕ್ಷಾವಧಿಯಲ್ಲಿ ಕಳುಹಿಸಿದರೆ ವೀಸಾ ರದ್ದು. ಮಂಚ, ಪರದೆ, ಖುಬ್ಬೂಸ್ ಎಲ್ಲವೂ ರದ್ದು. "ಹೇಳಿದ್ವಲ್ಲ" ಎನ್ನಲು ಮೈಸೂರಿನಲ್ಲಿ ಕಾಯುತ್ತಿರುವವರ ಮುಖಗಳೂ ಕಣ್ಣ ಮುಂದೆ ಬಂದವು. ಆದರೂ ಮಾತು ಬದಲಿಸಲಿಲ್ಲ. "ಕೈಲ್ ಹತ್ರ ನಾನೇ ಮಾತಾಡ್ತೀನಿ ಸರ್. ಒಂದು ಸಲ ಬಿಡಿ."

ಅವರು ಮೇಜಿನ ಮೇಲಿದ್ದ ಚೆಂಡನ್ನು ನನ್ನ ಕಡೆ ಉರುಳಿಸಿದರು. "ಮೈಸೂರಿನವರು ಮೆತ್ತಗೆ ಅಂತ ಯಾರು ಹೇಳಿದ್ದು? ಯಲ್ಲಾ, ಹೋಗು."

ಸಭೆಗಳಲ್ಲಿ ನಾನು ಬಾಯಿ ಬಿಡುವವಳಲ್ಲ. ಅಂದು ಕೈಲ್‌ನನ್ನು ಮಾಲ್‌ಗೆ ಕರೆದುಕೊಂಡು ಹೋಗಿ, ಪ್ರದರ್ಶನ ನಿಲ್ಲಬೇಕಿದ್ದ ಜಾಗದಲ್ಲಿ ನಿಲ್ಲಿಸಿ ಕೇಳಿದೆ: "ನೀನು ಇಲ್ಲಿಗೆ ಬಂದ ಮೇಲೆ ಜನ ನಿನ್ನನ್ನು ಕೇಳಿದ ಮೊದಲ ಪ್ರಶ್ನೆ ಯಾವುದು?"

ಅವನು ಯೋಚಿಸಿದ. "ಎಲ್ಲಿಯವನು ಅಂತ. ಟ್ಯಾಕ್ಸಿಯಲ್ಲಿ, ಲಿಫ್ಟ್‌ನಲ್ಲಿ, ಕ್ಷೌರದಂಗಡಿಯಲ್ಲಿ. ಎಲ್ಲರೂ ಅದನ್ನೇ ಕೇಳುತ್ತಾರೆ."

"ಏನು ಹೇಳುತ್ತೀ?"

"ಹುಟ್ಟಿದ ಊರು ಹೇಳುತ್ತೇನೆ."

"ಈಗ ಇರುವ ಊರು ಹೇಳುವುದಿಲ್ಲ, ಅಲ್ಲವೇ? ಇಲ್ಲಿ ನಡೆದಾಡುತ್ತಿರುವ ಎಲ್ಲರೂ ನಿನ್ನ ತಂಡವನ್ನು ಅದೇ ಪ್ರಶ್ನೆ ಕೇಳುತ್ತಾರೆ. ಉತ್ತರ ಗೋಡೆಯ ಮೇಲೆ ಇರದಿದ್ದರೆ, ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಊರು ಬಿಟ್ಟು ಬಂದವರ ಮುಂದೆ, ಊರು ಬಿಟ್ಟದ್ದಕ್ಕೆ ಯಾಕೆ ನಾಚಿಕೆ?"

"ಹಳೆಯ ಊರಿನವರು ನಮ್ಮನ್ನು ಇನ್ನೂ ಕ್ಷಮಿಸಿಲ್ಲ," ಅಂದ, ಮೆಲ್ಲಗೆ. ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಕ್ರೀಡಾಂಗಣ ಕೆಡವಿದ ಮೇಲೆ ಉಳಿದ ಖಾಲಿ ವಾಹನ ನಿಲುಗಡೆ. ಅಲ್ಲಿ ಪ್ರತಿ ವರ್ಷ ಆಟದ ಋತು ಆರಂಭವಾದಾಗ ಹಳೆಯ ಅಭಿಮಾನಿಗಳು ಕಾರಿನ ಡಿಕ್ಕಿ ತೆರೆದಿಟ್ಟುಕೊಂಡು ಮಾಂಸ ಸುಟ್ಟು ತಿನ್ನುತ್ತಾರಂತೆ, ಆಟವೇ ಇಲ್ಲದ ಜಾಗದಲ್ಲಿ. ಮಂಕುಬಿಸಿಲಿನಲ್ಲಿ, ತಂಡದ ಹಳೆಯ ಅಂಗಿ ತೊಟ್ಟು ಅವರು ಬೀಗುತ್ತ ನಿಂತಿದ್ದರು. ಅವರಲ್ಲಿ ಯಾರೂ ಕನಿಕರ ಕೇಳುತ್ತಿರುವಂತೆ ಕಾಣಲಿಲ್ಲ.

"ಈ ಚಿತ್ರ ಕೊಡು," ಅಂದೆ. "ಕ್ಷಮೆ ನಮ್ಮ ಕೆಲಸವಲ್ಲ. ಅವರು ಇದ್ದಾರೆ ಅನ್ನುವುದನ್ನು ಹೇಳಿದರೆ ಸಾಕು."

ತಂಡದ ಕಚೇರಿಗೆ ಪತ್ರಗಳು ಹೋದವು, ಬಂದವು. 'ಹೊಸ ಅವಕಾಶಗಳನ್ನು ಅರಸಿ' ಎಂಬ ಮಾತು ಹಾಕಿ ಎಂದರು, ಆಗದೆಂದೆ. ಲಾರಿಗಳ ವಿಷಯ ತೆಗೆಯಿರಿ ಎಂದರು, ಅದನ್ನು ತೆಗೆದೆ. ಎಲ್ಲವನ್ನೂ ಉಳಿಸಿಕೊಳ್ಳಲಾಗಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಕೊನೆಗೆ ಒಪ್ಪಿಗೆಯಾದದ್ದು ಒಂದೇ ಫಲಕ, ಆ ಚಿತ್ರ, ಕೆಳಗೆ ನನ್ನ ವಾಕ್ಯ: 'ಆ ಚಳಿಗಾಲ ತಂಡ ಈ ಊರನ್ನು ಬಿಟ್ಟಿತು.' ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಅರಬ್ಬಿಯಲ್ಲಿ. ಬಾಗಿಲು ದಾಟಿದೊಡನೆ, ಮೊದಲನೆಯದಾಗಿ.

ಉದ್ಘಾಟನೆಯ ದಿನ ಪ್ರಮೀಳಕ್ಕನನ್ನೂ ಕರೆದಿದ್ದೆ. ಶಿರಸ್ತ್ರಾಣಗಳನ್ನೂ ಹೊಳೆಯುವ ಬಹುಮಾನದ ಬಟ್ಟಲನ್ನೂ ಬಿಟ್ಟು ಅವರು ಮೊದಲ ಫಲಕದ ಮುಂದೆಯೇ ನಿಂತರು.

"ಅಲ್ಲ, ಇವ್ರು ಎಂತಕ್ಕೆ ಖಾಲಿ ಜಾಗದಲ್ಲಿ ಊಟ ಮಾಡುದು?"

"ಅಲ್ಲಿ ಅವರ ತಂಡ ಆಡ್ತಿತ್ತು ಅಕ್ಕ. ಈಗಿಲ್ಲ."

"ಹಾಗಾದ್ರೆ ನಾವೇ ವಾಸಿ," ಅಂದರು. "ನಾವು ಬಂದದ್ದು ಮಾತ್ರ. ಊರು ಅಲ್ಲೇ ಉಂಟಲ್ಲ." ಅನಂತರ ನನ್ನ ಕೈ ಹಿಡಿದು ಮೆಲ್ಲಗೆ ಸೇರಿಸಿದರು: "ಉಂಟಲ್ಲ?"

ಮೈಸೂರಿಗೆ ಮರಳಿದರೆ ನನ್ನ ಕೋಣೆಗೆ ಮತ್ತೆ ಬಾಗಿಲಿರುತ್ತದೆ. ಆದರೆ ನಾನು ಪರದೆಗೆ ಒಗ್ಗಿಹೋಗಿದ್ದೇನೆ. ಇಲ್ಲಿಯೇ ಉಳಿದರೂ ಈ ದೇಶ ನನ್ನನ್ನು ತನ್ನವಳೆಂದು ಎಂದೂ ಬರೆದುಕೊಳ್ಳುವುದಿಲ್ಲ. ನಾನು ಅದನ್ನು ಕೇಳಿಯೂ ಇಲ್ಲ. ಯಾವುದಾದರೂ ಒಂದನ್ನು ಆರಿಸಿಕೋ ಎನ್ನುವವರು ಎರಡೂ ಕಡೆ ಇದ್ದಾರೆ. ಅವರು ಕಾಯಲಿ.

ಹೊರಡುವಾಗ ರಶೀದ್ ಹೇಳಿದರು: "ಪ್ರೊಬೇಷನ್ ಪಾಸ್. ನಾಳೆ ನೈಫ್ ಪೇಟೆಗೆ ಹೋಗಿ ವಿಸಿಟಿಂಗ್ ಕಾರ್ಡ್ ಪ್ರಿಂಟಿಗೆ ಕೊಡು. 'ವಿನುತಾ ಕೆ.' ಅಂತ ಸಾಕು, ಚಿಕ್ಕದಿರ್ಲಿ. ನಂದೂ ಹಾಗೇ ಮಾಡಿದ್ದು."

ಮರುದಿನ ಬೆಳಿಗ್ಗೆ ನೈಫ್‌ನ ಓಣಿಯೊಳಗಿನ ಮುದ್ರಣದ ಅಂಗಡಿಗೆ ಹೋದೆ. ಮಲಯಾಳಿ ಮಾಲೀಕರು ನಾನು ಟೈಪು ಮಾಡಿದ ಹೆಸರನ್ನು ಪರದೆಯಲ್ಲಿ ನೋಡಿ ಹಿಂದಿಯಲ್ಲಿ ಕೇಳಿದರು: "ಇಷ್ಟು ಉದ್ದ ಒಂದೇ ಸಾಲಿನಲ್ಲಿ ಹಿಡಿಸುವುದಿಲ್ಲ ಮೇಡಂ. ಕತ್ತರಿಸಲೇ?"

"ಬೇಡ. ಅಕ್ಷರ ಸಣ್ಣದು ಮಾಡಿ."

ಅವರು ಸಣ್ಣದು ಮಾಡಿದರು, ಇನ್ನೂ ಸಣ್ಣದು ಮಾಡಿದರು. ಕೊನೆಗೆ ಹಿಡಿಸಿತು. ಮೇಲೆ ಕಾಳೇನಹಳ್ಳಿ ರಾಮಯ್ಯ ವಿನುತಾ. ಕೆಳಗೆ, ಅದೇ ಅಳತೆಯ ಅಕ್ಷರದಲ್ಲಿ, ಅಲ್ ಬರ್ಷಾ, ದುಬೈ. ಒಂದು ಅಕ್ಷರವೂ ತಪ್ಪಿಲ್ಲವೆಂದು ಎರಡು ಸಲ ಓದಿ ನೋಡಿ, ಮುದ್ರಿಸಿ ಎಂದೆ.