ಸೀರೆಯ ಅಂಚು, ಶಾಲೆಯ ಮೊಲ

ರಾಷ್ಟ್ರಗೀತೆ ನಡೆಯುವಾಗ ಯಾರೂ ಅಲುಗಾಡುವಂತಿಲ್ಲ. ಈ ನಿಯಮ ಮಕ್ಕಳಿಗೆ ಗೊತ್ತು, ನಮಗೂ ಗೊತ್ತು. ಮೊಲಕ್ಕೆ ಗೊತ್ತಿರಲಿಲ್ಲ.

ಹೋದ ತಿಂಗಳ ಒಂದು ಶನಿವಾರ. ಬೆಳಗಿನ ಶಾಲೆ, ಪ್ರಾರ್ಥನೆಗೆ ನಿಂತಿದ್ದೇವೆ. ಎದುರಿಗೇ ನಮ್ಮ ಕೈತೋಟ. ಅದರ ಸುತ್ತ ಬಣ್ಣಬಣ್ಣದ ಸೀರೆಗಳ ಬೇಲಿ. ಆ ಸೀರೆಗಳ ಕೆಳಗಿಂದ ಒಂದು ಮೊಲ ನುಸುಳಿ ಒಳಗೆ ಹೋಯಿತು. ಅವಸರವೇ ಇಲ್ಲ ಪುಣ್ಯಾತ್ಮನಿಗೆ! ಸೀರೆಯ ಅಂಚಿಗೂ ನೆಲಕ್ಕೂ ನಡುವಿನ ಸಂದಿಯಲ್ಲಿ ಅದರ ಕಾಲು, ಅದು ಜಗ್ಗಿ ತಿನ್ನುತ್ತಿದ್ದ ಮೆಂತ್ಯ, ಎಲ್ಲ ಕಾಣುತ್ತಿತ್ತು. ಇಡೀ ಶಾಲೆ ಕಂಬದ ಹಾಗೆ ನಿಂತು ಬರೀ ಕಣ್ಣಲ್ಲೇ ಅದನ್ನು ಓಡಿಸಲು ನೋಡಿತು.

ಗೀತೆ ಮುಗಿಯುವುದೇ ತಡ, ಎಲ್ಲರೂ ತೋಟಕ್ಕೆ ನುಗ್ಗಿದೆವು. ಅಷ್ಟರಲ್ಲಿ ಅದು ಬಂದ ದಾರಿಯಲ್ಲೇ ಹೋಗಿಯಾಗಿತ್ತು.

ಹೆಡ್ ಮಾಸ್ತರರು ನನ್ನ ಮುಖ ನೋಡಿದರು. “ಟೀಚರ್, ನಾ ಹೇಳಿದ್ನೋ ಇಲ್ಲೋ? ಸೋಮವಾರ ಮೇಸ್ತ್ರಿನ್ನ ಕರಸ್ತೀನಿ. ಇಲ್ಲಿ ಸೈಕಲ್ ಸ್ಟ್ಯಾಂಡೇ ಸೈ.”

ನಾನು ಕೊಟ್ಟೂರಿನಿಂದ ಬಸ್ಸು ಹತ್ತಿ ಕೂಡ್ಲಿಗಿ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಹೋಗುವವಳು ಎಂದು ನಿಮಗೆ ಗೊತ್ತೇ ಇದೆ. ಬಿಸಿಯೂಟದ ಸಾರಿಗೆ ಮಕ್ಕಳು ತಾವೇ ಬೆಳೆದ ಸೊಪ್ಪು ಬೀಳಲಿ ಎಂದು ಈ ತೋಟ ಶುರು ಮಾಡಿದ್ದೆ. ಮೊದಲ ಬೆಳೆಯನ್ನು ಮೊಲಗಳು ಬೋಳಿಸಿದವು. ಎರಡನೆಯದೂ ಹೋದರೆ ಜಾಗ ಸೈಕಲ್ಲಿಗೆ ಎಂದು ಹೆಡ್ ಮಾಸ್ತರರು ಆಗಲೇ ತೀರ್ಪು ಕೊಟ್ಟಿದ್ದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಅವರು. (ಹಿಡಿಯದ ಮೊಲಕ್ಕೆ ನಾಲ್ಕಿವೆ ಎಂಬುದಕ್ಕೆ ನಮ್ಮ ಮೆಂತ್ಯದ ಮಡಿಯೇ ಸಾಕ್ಷಿ.)

ಮೊದಲು ಬಳ್ಳಾರಿ ಜಾಲಿಯ ಮುಳ್ಳು ಹಾಕಿ ನೋಡಿದ್ದೆವು. ಮೊಲಕ್ಕೆ ಚುಚ್ಚಿತೋ ಇಲ್ಲವೋ, ಒಂದನೇ ತರಗತಿಯವರ ಕಾಲಿಗೆ ದಿನಾ ಚುಚ್ಚಿತು. ತೆಗೆಸಿದೆ. ನಮ್ಮ ಕಡೆ ಹಂದಿ ಬರದಿರಲೆಂದು ಹೊಲದ ಸುತ್ತ ಹಳೇ ಸೀರೆ ಕಟ್ಟುತ್ತಾರಲ್ಲ, ಹಾಗೇ ಮಾಡೋಣ ಅನ್ನಿಸಿತು. ಮನೆಯಿಂದ ಒಂದೊಂದು ಹಳೇ ಸೀರೆ ತನ್ನಿ ಎಂದು ಮಕ್ಕಳಿಗೆ ಹೇಳಿದೆ.

ಬಂದವೇನು ಹಳೆಯವು? ಒಂದಕ್ಕಾದರೂ ಹರಕು ಬೇಡವೇ? ನಾಲ್ಕನೇ ತರಗತಿಯ ಸುಮಾಳ ತಾಯಿ ಹಾಲಮ್ಮ ಕಳಿಸಿದ್ದು ಗಿಳಿಹಸಿರು ಸೀರೆ, ಕೆಂಪು ಅಂಚು. ಇಸ್ತ್ರಿಯ ಮಡಿಕೆ ಇನ್ನೂ ಹಾಗೇ ಇತ್ತು. ಗೇಟಿನಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ. “ಹಾಲಮ್ಮ, ಹೊಲಕ್ಕ ಕಟ್ಟೋವಂಥದ್ದು ಇರ್ಲಿಲ್ಲೇನು?”

“ಹೊಲಕ್ಕಾದ್ರ ಹರಕ ನಡೀತೈತ್ರಿ ಟೀಚರ್. ಸಾಲಿಗೆ ಹರಕ ಕಳಿಸಾಕ ಬರ್ತೈತೇನ್ರಿ? ನಾಕು ಮಂದಿ ನೋಡ್ತಾರ.”

ನೋಡಿದರು, ನಿಜ. ಬೇಲಿ ಕಟ್ಟಲು ತಾಯಂದಿರೇ ಬಂದರು. (ಪೋಷಕರ ಸಭೆಗೆ ಕರೆದರೆ ಒಬ್ಬರೂ ಬರುವುದಿಲ್ಲ!) ಗೂಟದಿಂದ ಗೂಟಕ್ಕೆ ಬಿಗಿದು, ಅಂಚು ನೆಲಕ್ಕೆ ತಾಗದಂತೆ ಗೇಣು ಎತ್ತರಕ್ಕೆ ಕಟ್ಟಿದರು. ಸೀರೆ ಎಂದ ಮೇಲೆ ಅಂಚು ಮಣ್ಣಾಗಬಾರದು. ಉಡುವಾಗಲೂ ಹಾಗೆ, ಒಣಹಾಕುವಾಗಲೂ ಹಾಗೆ. ಬೇಲಿಯಾದಾಗ ಮಾತ್ರ ಕೈ ಕೇಳೀತೇ? ನಾನೂ ಪಕ್ಕದಲ್ಲೇ ನಿಂತು, “ಭಾಳ ಚಂದ ಆತ್ರಿ” ಎಂದು ಫೋಟೋ ಹೊಡೆದೆ. ಸ್ಟೇಟಸ್ಸಿಗೂ ಹಾಕಿದೆ. ಆ ಗೇಣು ಸಂದಿಯ ಬಗ್ಗೆ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಮೊಲಕ್ಕೆ ಹೊಳೆಯಿತು.

ಆ ಶನಿವಾರ ಶಾಲೆ ಬಿಟ್ಟ ಮೇಲೆ ತಾಯಂದಿರನ್ನು ಮತ್ತೆ ಕರೆಸಿದೆ. ಸೀರೆ ಕೆಳಗಿಳಿಸಿ ಅಂಚನ್ನು ಮಣ್ಣಲ್ಲಿ ಹುಗಿಯಬೇಕು ಎಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

“ಅಯ್ಯ, ಹುಗಿಯೋದೇನ್ರಿ? ಗೆದ್ದಲು ಹತ್ತಾವು!”

“ಮೊದ್ಲು ಆಕಿದು ಹುಗೀರಿ, ಆಮ್ಯಾಲ ನಂದು.”

ಗೇಟಿನ ಹತ್ತಿರ ನಿಂತಿದ್ದ ಒಬ್ಬ ತಂದೆ, “ಉರುಲು ಹಾಕ್ರಿ ಟೀಚರ್. ಸೊಪ್ಪು ಹೋದ್ರ ಹೋತು, ಮೊಲದ ಸಾರಾದ್ರೂ ಆಕ್ಕೈತಿ” ಎಂದ. “ಬ್ಯಾಡ್ರೀ!” ಎಂದು ಮಕ್ಕಳು ಕೂಗಿಕೊಂಡರು.

ನನಗೆ ಸಿಟ್ಟು ಬಂತು. ಬರಬಾರದೇ? ನಮ್ಮ ಶಾಲೆಗೆ ದಾನವಾಗಿ ಬರುವುದೆಲ್ಲ ಹೀಗೇ. ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರಿದೆ. (ತಿರುಗಿದರೆ ಹೆಸರು ಕಾಣುವುದಿಲ್ಲ. ಅದಕ್ಕೇ ಉದ್ಘಾಟನೆಯ ದಿನ ಸೆಕೆಯಲ್ಲೇ ಕುಳಿತೆವು.) ಬೀರುವಿನ ಮೇಲೆ ಹೆಸರಿದೆ. ಗೋಡೆ ಗಡಿಯಾರದ ಮೇಲೂ ಇದೆ, ಆದರೆ ಅದಕ್ಕೆ ಸೆಲ್ ಹಾಕುವವರಿಲ್ಲ. ಕೊಡುವುದರಲ್ಲಿ ನಮ್ಮ ಜನರ ಕೈ ದೊಡ್ಡದು. ಕೊಟ್ಟದ್ದು ಸದಾ ಚಂದ ಕಾಣುತ್ತಿರಬೇಕು ಎಂಬ ಆಸೆ ಇನ್ನೂ ದೊಡ್ಡದು. ನಾನೇನು ಕಡಿಮೆ? ಸ್ಟೇಟಸ್ ಹಾಕಿದವಳಲ್ಲವೇ!

ಅಷ್ಟರಲ್ಲಿ ಸುಮಾ ತಾಯಿಯ ಕೈ ಹಿಡಿದು ಜಗ್ಗಿದಳು. “ಯವ್ವಾ, ಸೋಮವಾರ ಮೇಸ್ತ್ರಿ ಬರ್ತಾನಂತ. ನಾ ಹಾಕಿದ ಮೆಂತೆ ಹೋತು.”

ಹಾಲಮ್ಮ ತಮ್ಮ ಸೀರೆಯ ಹತ್ತಿರ ಹೋಗಿ, ಕೆಂಪು ಅಂಚನ್ನು ಒಮ್ಮೆ ಬೆರಳಲ್ಲಿ ಸವರಿದರು. ಅವರಿಗೂ ಸಂಕಟವಾಯಿತು, ನನಗೆ ಕಂಡಿತು. ಗಂಟು ಬಿಚ್ಚಿ ಸೀರೆ ಇಳಿಸಿದರು. ಗುದ್ದಲಿಯಿಂದ ನೆಲ ಕೆದರಿ, ಅಂಚನ್ನು ಒಳಗೆ ತುರುಕಿ, ಮೇಲೆ ಮಣ್ಣೆಳೆದು ಕಾಲಲ್ಲಿ ತುಳಿದರು.

“ಬೇಲಿಗೆ ಕೊಟ್ಟ ಮ್ಯಾಲ ಅದು ಬೇಲಿನ. ಇನ್ನೂ ಸೀರಿ, ಸೀರಿ ಅಂದ್ರ ಹೆಂಗ?” ಎಂದು ಉಳಿದವರ ಕಡೆ ತಿರುಗಿದರು.

ಒಬ್ಬರು ಬಗ್ಗಿದ ಮೇಲೆ ಉಳಿದವರು ನೆಟ್ಟಗೆ ನಿಂತಿರಲು ಆಗುತ್ತದೆಯೇ? ಗೊಣಗುತ್ತಲೇ ಬಗ್ಗಿದರು. ಸಂಜೆಯೊಳಗೆ ಎಲ್ಲ ಅಂಚೂ ಮಣ್ಣು ಸೇರಿದವು.

ಸೋಮವಾರ ಮೇಸ್ತ್ರಿ ಬಂದದ್ದು ನಿಜ. ಹೆಡ್ ಮಾಸ್ತರರು ಅವನನ್ನು ಕರೆದುಕೊಂಡು ತೋಟಕ್ಕೆ ಒಂದು ಸುತ್ತು ಹಾಕಿದರು. ಬೇಲಿಯ ಹೊರಗೆ ಮೊಲದ ಹಿಕ್ಕೆ ಬಿದ್ದಿತ್ತು, ಒಳಗೆ ಒಂದೂ ಇಲ್ಲ. ಅವರು ಗಂಟಲು ಸರಿಮಾಡಿಕೊಂಡು, “ಕಾಂಪೌಂಡ್ ಬಿರುಕು ಬಿಟ್ಟೈತಿ, ಅದನ್ನಷ್ಟು ಮುಚ್ಚಿ ಹೋಗಪ” ಎಂದರು. ನಾನು ಸೆರಗು ಬಾಯಿಗಿಟ್ಟು ನಕ್ಕೆ.

ಮೊನ್ನೆ ಬಿಸಿಯೂಟಕ್ಕೆ ನಮ್ಮದೇ ಮೆಂತ್ಯದ ಸಾರು. ಸುಮಾ ಎಲ್ಲರ ತಟ್ಟೆಯಲ್ಲೂ ಇಣುಕಿ, “ಇದು ನಂದು, ಇದೂ ನಂದು” ಎನ್ನುತ್ತ ಓಡಾಡಿದಳು. ಹೆಡ್ ಮಾಸ್ತರರು ಎರಡನೇ ಸಲ ಹಾಕಿಸಿಕೊಂಡರು. ಅದೇ ಖುಷಿಯಲ್ಲಿ, ಸಂಜೆ ಮಗಳನ್ನು ಕರೆದೊಯ್ಯಲು ಬಂದ ಹಾಲಮ್ಮನಿಗೆ ಹೇಳಿದರು: “ಸೀರಿ ಕೊಟ್ಟವರ ಹೆಸರೆಲ್ಲ ಬರೆಸಿ ತೋಟದ ಮುಂದ ಒಂದು ದೊಡ್ಡ ಬೋರ್ಡು ಹಾಕಸ್ತೀನಮ್ಮ.”

ಹಾಲಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು.

“ಹಾಕಸ್ರಿ ಸರ್. ಆದ್ರ ನೆಲಕ್ಕ ಹತ್ತಿಸಿ ಹುಗೀರಿ, ಇಲ್ಲಾಂದ್ರ ಅದರ ಕೆಳಗೂ ಮೊಲ ಬರ್ತಾವ.”