ದುರುಗಣ್ಣ ತಂದ ವಿಮಾನದ ಕಕ್ಕಸು

ಹರಿಹರದ ಪ್ಲಂಬರ್ ದುರುಗಣ್ಣ ಮೊದಲ ಸಲ ವಿಮಾನ ಹತ್ತಿದಾಗ ಅವನಿಗೆ ಐವತ್ತೊಂದು ವರ್ಷ. ದೋಹಾದ ಒಂದು ಹೋಟೆಲಿನಲ್ಲಿ ಆರು ತಿಂಗಳ ಪೈಪು ಕೆಲಸ ಸಿಕ್ಕಿತ್ತು. ಮುನ್ನೂರು ಜನ ಹಿಡಿಯುವ ದೊಡ್ಡ ವಿಮಾನ ಅದು. ಉಳಿದವರೆಲ್ಲ ಕಿಟಕಿಯಾಚೆ ಮೋಡ ನೋಡುತ್ತಿದ್ದಾಗ ಇವನು ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಂಡ.

ಗುಂಡಿ ಒತ್ತಿದರೆ ಭರ್ರೆಂದು ಸದ್ದಾಗಿ ಒಳಗಿದ್ದದ್ದೆಲ್ಲ ಮಾಯವಾಯಿತು. ಬಿದ್ದ ನೀರು ಒಂದು ಲೋಟವೂ ಇರಲಿಲ್ಲ. ಮೂವತ್ತು ವರ್ಷ ಊರವರ ಕಟ್ಟಿಕೊಂಡ ಪೈಪುಗಳಿಗೆ ಕೈ ಹಾಕಿದ ಮನುಷ್ಯ, ನಂಬುವುದು ಹೇಗೆ? ಕಾಗದ ಹಾಕಿ ಹಾಕಿ ಒಂಬತ್ತು ಸಲ ಒತ್ತಿದ. ಗಗನಸಖಿ ಬಾಗಿಲು ಬಡಿದು ಹೊರಗೆ ಕರೆದು, ಮರುಕದಿಂದ ಭೇದಿ ನಿಲ್ಲುವ ಮಾತ್ರೆ ಕೊಟ್ಟು ಕಳಿಸಿದಳು.

ಪಕ್ಕದ ಸೀಟಿನ ರೌಫ್ ದಾವಣಗೆರೆಯವನು, ದೋಹಾದಲ್ಲಿ ವಿಮಾನ ರಿಪೇರಿಯ ಕೆಲಸದಲ್ಲಿದ್ದ. ಕಾರ್ಬನ್ ನಾರಿನ ರೆಕ್ಕೆ, ತಾನೇ ಮಬ್ಬಾಗುವ ಕಿಟಕಿ ಗಾಜು ಎಂದು ಹೆಮ್ಮೆಯಿಂದ ಶುರುಮಾಡಿದ. ದುರುಗಣ್ಣ ಮಾತನ್ನು ಕಕ್ಕಸಿಗೇ ಎಳೆದ.

"ಮ್ಯಾಲೆ ಬಂದಮ್ಯಾಲೆ ಮೋಟಾರೂ ಬ್ಯಾಡ ದುರುಗಣ್ಣ," ಎಂದ ರೌಫ್. "ಹೊರಗೆ ಗಾಳಿ ತೆಳ್ಳಗೈತೆ, ಒಳಗೆ ದಪ್ಪ ಐತೆ. ಪೈಪಿನ ಬಾಯಿ ತೆರದ್ರೆ ಸಾಕು, ಆಕಾಶನೇ ಎಳ್ಕಂತೈತೆ."

"ಹಂಗಾರೆ ಕೆಳಗೆ ಹೊಲದಾಗೆ ನಿಂತೋರ ಗತಿ?"

ಹೊರಗೆ ಹೋಗುವುದು ಗಾಳಿ ಮಾತ್ರ, ಉಳಿದದ್ದು ಹಿಂದಿನ ಟ್ಯಾಂಕಿನಲ್ಲೇ ನಿಲ್ಲುತ್ತದೆ, ನೆಲದ ಮೇಲಿದ್ದಾಗ ಮೋಟಾರು ಎಳೆಯುತ್ತದೆ ಎಂದು ರೌಫ್ ವಿವರಿಸಿದ. ಆಮೇಲೆ ದುರುಗಣ್ಣನಿಗೆ ನಿದ್ದೆ ಬರಲಿಲ್ಲ.

ಆರು ತಿಂಗಳ ಕೆಲಸ ಮುಗಿಸಿ ಊರಿಗೆ ಮರಳಿದವನು ಮಲೆಬೆನ್ನೂರಿನಲ್ಲಿ ಹಾಲು ಕರೆಯುವ ಯಂತ್ರದ ಹಳೇ ಪಂಪೊಂದನ್ನು ಹಿಡಿದು ತಂದ. ಗಾಳಿ ಎಳೆಯಲು ಅದು ಸಾಕಿತ್ತು. ಅದಕ್ಕೆ ಡೀಸೆಲ್ ಡ್ರಮ್ ಜೋಡಿಸಿ ಚಾಲೂ ಮಾಡಿದ. ಒಳಗಿನ ಗಾಳಿ ಖಾಲಿಯಾಗುತ್ತಲೇ ಡ್ರಮ್ಮು ಢಮಾರೆಂದು ಸುಟ್ಟ ಹಪ್ಪಳದಂತೆ ಮುದುಡಿತು. ಹೆಂಡತಿ ಗಿರಿಯಮ್ಮ ಒಳಗಿನಿಂದ ಓಡಿ ಬಂದು, ಗಂಡ ಇಡಿಯಾಗಿರುವುದನ್ನು ನೋಡಿಕೊಂಡ ಮೇಲೆ ಬೈಯಲು ಶುರುಮಾಡಿದಳು. ಎರಡನೇ ಸಲ ದಪ್ಪ ಗೋಡೆಯ ಕಂಪ್ರೆಸರ್ ಟ್ಯಾಂಕ್ ಹಾಕಿದ. ಅದು ತಡೆಯಿತು.

ದಾವಣಗೆರೆಯಲ್ಲಿ ಕಲ್ಯಾಣ ಮಂಟಪ ನಡೆಸುವ ಕೊಟ್ಟೂರೇಶ್‌ಗೆ ಬೇಸಿಗೆ ಬಂದರೆ ಒಂದೇ ಚಿಂತೆ. ಬೆಳಿಗ್ಗೆ ಬಂದ ಟ್ಯಾಂಕರ್ ನೀರನ್ನು ತಾಳಿ ಕಟ್ಟುವ ಮೊದಲೇ ಬೀಗರು ಕಕ್ಕಸಿಗೆ ಸುರಿದು ಮುಗಿಸುತ್ತಿದ್ದರು. ದುರುಗಣ್ಣ ವರನ ಕೋಣೆಯ ಪಕ್ಕದಲ್ಲಿ ತನ್ನ ವಿಮಾನದ ಕಕ್ಕಸೊಂದನ್ನು ಕೂರಿಸಿದ. ಟ್ಯಾಂಕು ಮೇಲಿನ ಸಜ್ಜದ ಮೇಲೆ, ಎರಡಿಂಚಿನ ಪೈಪು, ಕಾಲಲ್ಲಿ ಒತ್ತುವ ಪೆಡಲು.

ಮೊದಲ ಮದುವೆಯಲ್ಲಿ ಹನ್ನೆರಡು ಜನ ಹೋಗಿ ಸುಖವಾಗಿ ಬಂದರು. ಹದಿಮೂರನೆಯವರು ವರನ ಸೋದರಮಾವ ಬಕ್ಕೇಶ್, ದೊಡ್ಡ ಅಡಕೆ ವ್ಯಾಪಾರಿ. ಎದ್ದು ನಿಂತು ಪಂಚೆ ಸರಿಮಾಡಿಕೊಳ್ಳುತ್ತ ಪೆಡಲ್ ಒತ್ತಿದರು. ಭರ್ರೆಂದ ಪೈಪು ಪಂಚೆಯ ಚುಂಗು ಕಚ್ಚಿತು, ನೋಡನೋಡುತ್ತ ಉಳಿದದ್ದನ್ನೂ ನುಂಗಿತು. ಹೊರಗೆ ಮಂಗಳವಾದ್ಯ, ಒಳಗಿನ ಕೂಗು ಯಾರಿಗೂ ಕೇಳಲಿಲ್ಲ. ಕೊನೆಗೆ ವಾದ್ಯ ನಿಂತಾಗ ಯಾರೋ ಬಾಗಿಲ ಸಂದಿಯಿಂದ ಕೊಟ್ಟ ಊಟದ ಮೇಜಿನ ಕಾಗದದ ಸುರುಳಿ ಸುತ್ತಿಕೊಂಡು ಅವರು ಹೊರಬಂದರು. ಪಂಚೆ ಸಜ್ಜದ ಮೇಲಿನ ಟ್ಯಾಂಕಿನಲ್ಲಿ ಸಿಕ್ಕಿತು. ಅದನ್ನು ಯಾರೂ ವಾಪಸ್ ಕೇಳಲಿಲ್ಲ.

ಕಿತ್ತುಹಾಕು ಎಂದು ಕೊಟ್ಟೂರೇಶ್ ಗದರಿದ. ದುರುಗಣ್ಣನಿಗೆ ನಾಚಿಕೆಗಿಂತ ಯೋಚನೆಯೇ ಹೆಚ್ಚಾಗಿತ್ತು.

"ವಿಮಾನದಾಗೆ ಯಾರೂ ಪಂಚೆ ಉಟ್ಟಿರಲಿಲ್ರಿ," ಎಂದ. "ಅದಕ್ಕ ನನಗೂ ಹೊಳೀಲಿಲ್ಲ."

ಮನೆಯಲ್ಲಿ ಎರಡು ವಾರ ಕೂತು, ಮುಚ್ಚಳ ಮುಚ್ಚದೆ ಪೆಡಲ್ ಅಲುಗದಂತೆ ಒಂದು ಕೊಂಡಿ ಮಾಡಿದ. ಅದನ್ನು ಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ಬಕ್ಕೇಶರ ಕಾರು ಬಂದು ಬಾಗಿಲಲ್ಲಿ ನಿಂತಿತು. ಬೈಸಿಕೊಳ್ಳಲು ತಯಾರಾಗಿ ದುರುಗಣ್ಣ ಕೈಕಟ್ಟಿ ನಿಂತ. ಅವರು ಬಂದದ್ದು ಬೇರೆ ವಿಷಯಕ್ಕೆ. ನಿಜಲಿಂಗಪ್ಪ ಬಡಾವಣೆಯಲ್ಲಿ ರಸ್ತೆ ಏರಿಸಿ ಏರಿಸಿ ಅವರ ಮನೆ ತಗ್ಗಿಗೆ ಬಿದ್ದಿತ್ತು. ಚರಂಡಿಯೇ ನೆಲಕ್ಕಿಂತ ಮೇಲಿದ್ದುದರಿಂದ ಕೆಳಗೆ ಕಕ್ಕಸು ಕಟ್ಟುವಂತಿರಲಿಲ್ಲ. ಎಂಬತ್ತು ದಾಟಿದ ತಾಯಿ ಕಸ್ತೂರಮ್ಮ ದಿನಕ್ಕೆ ಆರು ಸಲ ಮಹಡಿ ಹತ್ತುತ್ತಿದ್ದರು.

"ನನ್ನ ಪಂಚೆನೇ ಸಜ್ಜಕ್ಕೆ ಒಯ್ದು ಹಾಕೇತಿ," ಎಂದರು ಬಕ್ಕೇಶ್. "ನಮ್ಮವ್ವಂದು ಮೂರಡಿ ಎತ್ತಂಗಿಲ್ಲೇನು?"

ದುರುಗಣ್ಣ ನಾಲ್ಕೇ ದಿನದಲ್ಲಿ ಕೂರಿಸಿಕೊಟ್ಟ. ಕಸ್ತೂರಮ್ಮ ಒಳಗೆ ಹೋದರು. ಭರ್ರೆಂದಿತು. ಮನೆಯವರೆಲ್ಲ ಬಾಗಿಲ ಮುಂದೆ ಕಾದು ನಿಂತಿದ್ದರು. ಅಜ್ಜಿ ಸೀರೆ ಸಮೇತ ಹೊರಬಂದು, ಆ ಸದ್ದಿಗೆ ಎದೆ ಒಡೆದಂತಾಯಿತು, ಆದರೂ ಮೆಟ್ಟಿಲು ತಪ್ಪಿತಲ್ಲ ಎಂದು ದುರುಗಣ್ಣನಿಗೆ ಮಂಡಕ್ಕಿ ಕೊಡಿಸಿದರು.

ಆಮೇಲೆ ಅದೇ ಬೀದಿಯಲ್ಲಿ ಮೂರು ಮನೆಗೆ ಹಾಕಿದ. ಈಗ ಆನಗೋಡಿನಿಂದಲೂ ಕೇಳಿಕೊಂಡು ಬರುತ್ತಾರೆ. ಗಿರಿಯಮ್ಮ ಮಾತ್ರ ತನ್ನ ಮನೆಗೆ ಅದನ್ನು ಬಿಟ್ಟುಕೊಂಡಿಲ್ಲ.

"ನಾ ಒಳಗೆ ಹೋಗಿದ್ದು ಓಣಿಗೆಲ್ಲ ಗೊತ್ತಾಗಬೇಕಾ?" ಎನ್ನುತ್ತಾಳೆ.

ಹಾಗಾಗಿ ದುರುಗಣ್ಣ ಈಗಲೂ ಬಕೆಟ್ಟಿನಲ್ಲೇ ನೀರು ಹೊಯ್ಯುತ್ತಾನೆ.