ಅರಿವಿಯ ಇನ್ನೊಂದು ತುದಿ

2024ರ ಜನವರಿ 21, ಭಾನುವಾರ; ಈ ತಾರೀಖಿಗೆ ಆಧಾರ, ನನ್ನ ದಿನಚರಿ. ಇಚಲಕರಂಜಿಯಲ್ಲಿ ಅಂದು ಕಣ್ಣು ತೆರೆದಾಗ ಹಾಸಿಗೆಯ ಮೇಲೆ ಬಿಸಿಲು ಬಿದ್ದಿತ್ತು. ಗಾಬರಿಯಿಂದ ಎದ್ದು ಕುಳಿತೆ. ನಿವೃತ್ತನಾಗುವವರೆಗೆ ಭೂವಿಜ್ಞಾನಿಯಾಗಿ ನಾನಿದ್ದ ಉತ್ತರ ನಾರ್ವೆಯ ಟ್ರೊಮ್ಸೊದಲ್ಲಿ, ಎರಡು ತಿಂಗಳ ಕತ್ತಲೆಯ ಬಳಿಕ ಸೂರ್ಯ ಮುಖ ತೋರುವುದು ಇದೇ ದಿನ, ಅದೂ ಕೆಲವೇ ನಿಮಿಷ. ಜನ ‘ಸೂಲ್‌ಬೊಲ್ಲೆ’, ಅಂದರೆ ಸೂರ್ಯನ ಹೆಸರಿನ ಸಿಹಿ ಬನ್ನು, ತಿಂದು ಸ್ವಾಗತಿಸುತ್ತಾರೆ. ಇಲ್ಲಿ ಯಾರೂ ತಲೆಯೆತ್ತಿ ನೋಡಲಿಲ್ಲ. ಪಕ್ಕದ ಮಗ್ಗಗಳು ಆಗಲೇ ಖಟಖಟಿಸುತ್ತಿದ್ದವು.

ನಾನು ಇದೇ ಜಿಲ್ಲೆಯ ಗಡಹಿಂಗ್ಲಜದವನಾದರೂ ಈ ಊರು ನನಗೆ ಹೊಸದು. ಪತ್ನಿ ಸುಶೀಲೆಯ ತವರು. ಅವಳು ತೀರಿಕೊಂಡ ಮೇಲೆ ಅವಳ ತಂಗಿ ರತ್ನಾಳ ಮನೆಯ ಮಾಳಿಗೆಯಲ್ಲಿ ಬಂದು ನೆಲೆಸಿದೆ. ರತ್ನಾ ನನ್ನನ್ನು ‘ದಾಜಿ’ ಎನ್ನುತ್ತಾಳೆ; ಈ ಕಡೆ ಅಕ್ಕನ ಗಂಡನನ್ನು ಕರೆಯುವುದು ಹಾಗೆ. ಮೊದಲ ಸಂತೆಯಿಂದ ಬಲಿತ ಹೀರೆಕಾಯಿ ತಂದಾಗ ನಕ್ಕಳು: “ಸಮುದ್ರದ ಕೆಸರಿಂದು ವಯಸ್ಸು ಹೇಳತಿದ್ರಂತ, ಹೀರಿಕಾಯಿದು ಹೇಳಾಕ ಬರೂದಿಲ್ಲೇನ್ರಿ ದಾಜಿ?”

ಟ್ರೊಮ್ಸೊದ ಅಂಗಡಿಯಲ್ಲಿ ಯಾರೂ ಮಾತನಾಡಿಸದಿದ್ದುದು ನೋಯಿಸುತ್ತಿತ್ತು. ಇಲ್ಲಿ ಎಲ್ಲರೂ ಮರಾಠಿಯಲ್ಲಿ ಸುಶೀಲೆಯ ಬಗ್ಗೆ ಕೇಳುವುದು ನೋಯಿಸುತ್ತದೆ.

ಇವರದು ಜೈನರ ಮನೆ. ರತ್ನಾ ಬಾವಿಯ ನೀರನ್ನು ಬಿಳಿ ಅರಿವಿಯಲ್ಲಿ ಸೋಸಿ, ಅದರಲ್ಲಿ ಉಳಿದಿರಬಹುದಾದ ಜೀವಗಳನ್ನು ಮರಳಿ ಅದೇ ಬಾವಿಗೆ ಬಿಡುತ್ತಾಳೆ. ಸುಶೀಲೆ ಟ್ರೊಮ್ಸೊದಲ್ಲೂ ನಲ್ಲಿಯ ನೀರು ಸೋಸಿ, ಅರಿವಿ ಜಾಲಾಡಿದ ನೀರನ್ನು ತಂಬಿಗೆಯಲ್ಲಿ ಹಿಡಿದು, ಊರಿಗೆ ಆ ನೀರು ಬರುವ ಗುಡ್ಡದಾಚೆಯ ಸರೋವರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಶುದ್ಧೀಕರಿಸಿದ ನೀರಿನಲ್ಲಿ ಜೀವವೆಲ್ಲಿ ಎಂದು ನಾನು ಹಾಸ್ಯ ಮಾಡಿದ್ದೆ.

“ಇರಲಿಕ್ಕಿಲ್ಲ. ಇದ್ರ? ಎಲ್ಲಿಂದ ತಂದೀವಿ ಅಲ್ಲೇ ಬಿಡಬೇಕಲ್ಲರೀ,” ಎಂದಿದ್ದಳು.

ಧ್ರುವಸಮುದ್ರದಲ್ಲಿ ತೈಲಬಾವಿ ಕೊರೆಯುವುದನ್ನು ವಿರೋಧಿಸಿ ಅಲ್ಲಿನವರು ಬಂದರಿನಲ್ಲಿ ನಿಂತಾಗ, ಸುಶೀಲೆ ತವರಿನ ಅದೇ ನೇಯ್ಗೆಯ ಉದ್ದನೆಯ ಅರಿವಿಯ ಮೇಲೆ “ಇದೂ ಒಂದು ಬಾವಿ” ಎಂದು ನಾರ್ವೇಜಿಯನ್ನಿನಲ್ಲಿ ಬರೆದು ಒಯ್ದಳು. ನನ್ನ ಪ್ರಯೋಗಾಲಯವು ತೈಲ ಕಂಪನಿಗಳಿಗಾಗಿಯೇ ಸಮುದ್ರತಳದ ಕೆಸರನ್ನು ಪರೀಕ್ಷಿಸುತ್ತಿತ್ತು. ಆದರೂ ಅಂದು ನಾನು ಅವಳೊಡನೆ ಹೋದೆನೆಂದೇ ನನ್ನ ನೆನಪು.

“ಆ ಥಂಡ್ಯಾಗ ಅಕ್ಕ ಒಬ್ಬಾಕಿನ ನಿಂತಿದ್ಲೇನ್ರಿ?” ಎಂದು ರತ್ನಾ ಒಮ್ಮೆ ಕೇಳಿದ್ದಳು.

“ಇಲ್ಲವ್ವಾ, ಇನ್ನೊಂದು ತುದಿ ನಾ ಹಿಡದಿದ್ದೆ.”

“ಅಷ್ಟ ಸಾಕ್ರಿ ದಾಜಿ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಈಗ ಓಣಿಗೆಲ್ಲ ಅದನ್ನೇ ಹೇಳುತ್ತಾಳೆ.

ಕಳೆದ ವಾರ ಸುಶೀಲೆಯ ಪೆಟ್ಟಿಗೆಯಲ್ಲಿ ಆ ದಿನದ ಛಾಯಾಚಿತ್ರ ಸಿಕ್ಕಿತು. ಅರಿವಿಯ ಒಂದು ತುದಿ ಅವಳ ಕೈಯಲ್ಲಿದೆ. ಇನ್ನೊಂದನ್ನು ದೀಪದ ಕಂಬಕ್ಕೆ ಕಟ್ಟಲಾಗಿದೆ. ಹಿಂಬದಿಯಲ್ಲಿ ಅವಳೇ ಬರೆದ ತಾರೀಖಿತ್ತು. ತಪ್ಪಿರಬಹುದೆಂದು ನನ್ನ ದಿನಚರಿಯೊಡನೆ ತಾಳೆ ನೋಡಿದೆ.

ಚಿತ್ರವನ್ನೂ ದಿನಚರಿಯನ್ನೂ ಕೆಳಗೊಯ್ದೆ. ರತ್ನಾ ಬಾವಿಕಟ್ಟೆಯ ಮೇಲೆ ಅರಿವಿ ಜಾಲಾಡುತ್ತಿದ್ದಳು. ಕೈ ಒರೆಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದಳು.

“ಅಕ್ಕ ಇಲ್ಲಿದಾಳ. ನೀವೆಲ್ಲಿದ್ದೀರಿ ದಾಜಿ?”

ಈ ಊರಿನ ಓಣಿಯ ಮಾತಿನಲ್ಲಿ ನಾನು ಆ ಬಂದರಿನಲ್ಲಿ ನಿಂತಿದ್ದೇನೆ. ಟ್ರೊಮ್ಸೊದ ಚಿತ್ರದಲ್ಲಿ ಇಲ್ಲ. ಉತ್ತರವಾಗಿ ಅವಳಿಗೆ ದಿನಚರಿಯಲ್ಲಿನ ಆ ತಾರೀಖಿನ ಪುಟವನ್ನು ಓದಿ ಹೇಳಿದೆ: “ಇಡೀ ದಿನ ಪ್ರಯೋಗಾಲಯದಲ್ಲಿ ಕೆಲಸ. ಸಂಜೆ ಮನೆಯಲ್ಲಿ ಸುಶೀಲೆಯ ಒದ್ದೆ ಅರಿವಿ ಮಡಚಲು ಇನ್ನೊಂದು ತುದಿ ಹಿಡಿದೆ.”